ಒರಳಿನಲ್ಲಿ ಬೂದುಗುಂಬಳ

ನಮ್ಮ ಊರಿನ ಮನೆಗಳು ನಡೆದಾಡುತ್ತವೆ ಎಂದು ಹೊಸಬರಿಗೆ ಹೇಳುವಾಗ ನಮಗೆ ಕೊಂಚ ಸಂಕೋಚವಾಗುತ್ತದೆ, ಮನೆಯ ಹಿರಿಯರಿಗೆ ಗೊರಕೆಯ ಅಭ್ಯಾಸವಿದೆ ಎಂದು ನೆಂಟರಿಗೆ ಮೊದಲೇ ತಿಳಿಸಿದ ಹಾಗೆ. ಮಿಕ್ಸಿ ಬಂದು ಎಷ್ಟೋ ಕಾಲವಾದರೂ ನಮ್ಮಲ್ಲಿ ಎಲ್ಲರ ಅಡುಗೆಮನೆಯಲ್ಲೂ ಒರಳುಕಲ್ಲು ಉಳಿದಿರುವುದು ಅದಕ್ಕೇ. ರುಬ್ಬುವ ಗುಂಡು ಒರಳಿನೊಳಗೆ ಕೂತಿರುವ ತನಕ ಮನೆಯೂ ತನ್ನ ಜಾಗದಲ್ಲಿ ಕೂತಿರುತ್ತದೆ. ಗುಂಡನ್ನು ಎತ್ತಿ ಪಕ್ಕಕ್ಕಿಟ್ಟು ಒಂದು ಕಿಟಕಿ ತೆರೆದರೆ ಸಾಕು, ಮಳೆನೀರು ದಾಟುವ ಹೆಂಗಸು ನೆರಿಗೆ ಎತ್ತಿಕೊಳ್ಳುವ ಹಾಗೆ ಮನೆ ತನ್ನ ಅಡಿಪಾಯವನ್ನು ಒಂದಿಷ್ಟು ಎತ್ತಿಕೊಂಡು, ಕಿಟಕಿ ತೆರೆದ ಕಡೆಗೆ ಮೆಲ್ಲಗೆ ಹೊರಡುತ್ತದೆ. ಕಿಟಕಿಯ ಒಂದು ಬಾಗಿಲು ಮುಚ್ಚಿದರೂ ನಿಲ್ಲುತ್ತದೆ. ಇದನ್ನು ಯಾರೂ ನಮಗೆ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಸೈಕಲ್ ಕಲಿತ ಹಾಗೆ, ಒಂದೆರಡು ಸಲ ಗೋಡೆಗೆ ಗುದ್ದಿ ಕಲಿತೆವು.

ಆದರೂ ನಾವು ದಿನವೂ ಮನೆ ಓಡಿಸುತ್ತಿದ್ದವರಲ್ಲ. ಬೇಸಿಗೆಯಲ್ಲಿ ಹುಣಸೆಮರದ ನೆರಳಿಗೆ ಸರಿಯುವುದು, ಅಣ್ಣತಮ್ಮಂದಿರಿಗೆ ಜಗಳವಾದರೆ ಬೆನ್ನು ತಿರುಗಿಸಿ ನಿಲ್ಲುವುದು, ಅಷ್ಟೆ. ಮರ್ಯಾದಸ್ಥರು ಮನೆಯನ್ನು ಬೀದಿ ಸುತ್ತಿಸುವುದಿಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಅವರೇ ಒಮ್ಮೆ ಸಿನಿಮಾ ಟೆಂಟಿನ ಹಿಂದೆ ಮನೆ ನಿಲ್ಲಿಸಿಕೊಂಡು ಅಡುಗೆಮನೆ ಕಿಟಕಿಯಿಂದ ಪುಕ್ಕಟೆ ಸಿನಿಮಾ ನೋಡಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಹಾಗಿದ್ದಾಗ ಆ ಜ್ವರ ಬಂತು. ಮುನಿಸಿಪಾಲಿಟಿಯ ಆಟೋ ಮೈಕು ಕಟ್ಟಿಕೊಂಡು ಬೀದಿ ಬೀದಿ ತಿರುಗಿತು. "ಸಾರ್ವಜನಿಕರು ಯಾರೂ ಮನೆಯಿಂದ ಹೊರಗೆ ಕಾಲಿಡಬಾರದು. ಕಾಲಿಟ್ಟವರ ಮೇಲೆ ಕ್ರಮ ಕೈಗೊಳ್ಳಲಾಗುವುದು." ನಮ್ಮದು ಕಾನೂನಿಗೆ ಹೆದರುವ ಊರು. ಒಬ್ಬರೂ ಹೊಸಿಲು ದಾಟಲಿಲ್ಲ. ಮಾರನೆಯ ಬೆಳಿಗ್ಗೆ ಇಡೀ ಊರು ತಂತಮ್ಮ ಮನೆಯೊಳಗೇ ಕೂತುಕೊಂಡು ಮಾರುಕಟ್ಟೆಗೆ ಬಂದಿತ್ತು. ತರಕಾರಿ ಸಿದ್ದಮ್ಮ ತನ್ನ ಮನೆಯನ್ನೇ ಚೌಕದ ನಡುವೆ ಕೂರಿಸಿ, ಕಿಟಕಿಯಲ್ಲಿ ತಕ್ಕಡಿ ತೂಗುಹಾಕಿ ಕೂಗುತ್ತಿದ್ದಳು. "ನಿಧಾನಕ್ಕೆ ಬನ್ರವ್ವಾ, ಗೋಡೆ ಗೀಚ್ಕೊಂಡ್ರೆ ಸುಣ್ಣ ಯಾರು ಬಳೀತಾರೆ?"

ಆರೋಗ್ಯಾಧಿಕಾರಿಗಳು ಓಡೋಡಿ ಬಂದರು. ಹೊಸಬರು, ಪರವೂರಿನವರು. ವಯಸ್ಸು ಮೂವತ್ತರ ಆಚೀಚೆ. ಹೆಸರು ತ್ರಿಲೋಚನ, ಇದ್ದ ಎರಡು ಕಣ್ಣಿಗೂ ದಪ್ಪ ಕನ್ನಡಕ. ಮುಖಕ್ಕೆ ಒಂದರ ಮೇಲೊಂದು ಮಾಸ್ಕು. ಯಾರೂ ಹತ್ತಿರ ಬಾರದಿರಲೆಂದು ಬಿಡಿಸಿದ ಕೊಡೆಯನ್ನು ಗುರಾಣಿಯ ಹಾಗೆ ಮುಂದೆ ಹಿಡಿದುಕೊಂಡೇ ಓಡಾಡುತ್ತಿದ್ದರು.

"ಏನ್ರೀ ಇದು! ಮನೇಲಿರಿ ಅಂತ ಹೇಳಿರಲಿಲ್ವಾ?" ಎಂದು ಕೊಡೆಯ ಹಿಂದಿನಿಂದ ಕೂಗಿದರು.

"ಮನೇಲೇ ಇದೀವಿ ಸಾರ್," ಎಂದಿತು ಇಡೀ ಮಾರುಕಟ್ಟೆ.

ನಕ್ಕೆವು, ನಿಜ. ಆದರೆ ಆ ವಾರ ಮಾರುಕಟ್ಟೆಯಲ್ಲಿ ಸೂರಿಗೆ ಸೂರು ತಾಗುವ ಹಾಗೆ ನಿಂತೆವು. ಕಿಟಕಿಯಿಂದ ಕಿಟಕಿಗೆ ಕಾಫಿ ಲೋಟ ದಾಟಿಸಿದೆವು, ಒಬ್ಬರ ಮಗುವನ್ನು ಇನ್ನೊಬ್ಬರು ಎತ್ತಿಕೊಂಡೆವು. ಆ ಸಾಲಿನ ಮನೆಗಳಿಗೆಲ್ಲ ಜ್ವರ ಹಬ್ಬಿತು. ಟೈಲರ್ ಹುಸೇನ್ ಸಾಬರ ಅಣ್ಣ ಕರೀಂ ಸಾಬರು ತೀರಿಕೊಂಡರು. ಊರಿನ ಮದುವೆಗಳಿಗೆಲ್ಲ ಶಾಮಿಯಾನ ಹಾಕಿದವರು. ಅವರನ್ನು ಕಳಿಸಿಕೊಡಲು ನಾಲ್ಕು ಜನಕ್ಕಷ್ಟೇ ಅನುಮತಿ ಇತ್ತು. ನಾವು ನಗುವುದನ್ನು ನಿಲ್ಲಿಸಿದೆವು.

ಇನ್ನು ಮೇಲೆ ಎಲ್ಲರ ಒರಳಿನಲ್ಲೂ ಗುಂಡು ಇರತಕ್ಕದ್ದು, ಯಾವ ಮನೆಯೂ ಅಲುಗತಕ್ಕದ್ದಲ್ಲ ಎಂದು ಅಧಿಕಾರಿಗಳು ಆಜ್ಞೆ ಹೊರಡಿಸಿದಾಗ ಯಾರೂ ಎದುರಾಡಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ನಾನೂ ಗುಂಡನ್ನು ಒರಳಿಗೆ ಹಾಕಿ, ಕೈ ತೊಳೆದು ಕೂತೆ.

ಆದರೆ ನನ್ನ ಗೆಳತಿ ಭಾಗೀರಥಿ ಊರಿನ ಆ ಕೊನೆಯಲ್ಲಿದ್ದಳು. ಕಾಲೇಜಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ಅವಳು ಡ್ರಾಯಿಂಗ್ ಮೇಡಂ ಆಗಿ ಊರಿನ ಅರ್ಧ ಮಕ್ಕಳ ಕಿವಿ ಹಿಂಡಿದವಳು. ಮದುವೆಯಾಗಲಿಲ್ಲ, ಬೇಕೆನಿಸಲೂ ಇಲ್ಲ. ಈಚೆಗೆ ಅವಳಿಗೆ ಮರೆವು. ಹಳೆಯದೆಲ್ಲ ಇಸ್ತ್ರಿ ಮಾಡಿಟ್ಟ ಹಾಗೆ ನೆನಪಿದೆ, ಬೆಳಿಗ್ಗೆ ಒಲೆ ಹಚ್ಚಿದೆನೋ ಇಲ್ಲವೋ ಎನ್ನುವುದು ಮಾತ್ರ ಮರೆಯುತ್ತದೆ. ಎದುರಿಗೆ ಯಾರಾದರೂ ತಟ್ಟೆ ಇಟ್ಟುಕೊಂಡು ಕೂತರೆ ಅವಳೂ ಉಣ್ಣುತ್ತಾಳೆ. ಯಾರೂ ಇಲ್ಲದಿದ್ದರೆ ಹಸಿವೆಯೂ ಮರೆತುಹೋಗುತ್ತದೆ. ಅದಕ್ಕೇ ನಾನು ದಿನವೂ ನಡೆದುಹೋಗಿ ಅವಳೆದುರು ಊಟಕ್ಕೆ ಕೂರುತ್ತಿದ್ದೆ. ಈಗ ಫೋನ್ ಒಂದೇ ದಾರಿ.

"ಊಟ ಆಯ್ತೇನೇ ಭಾಗೂ?"

"ಆಯ್ತು ಕಣೇ ಚಂಪಾ. ಹೊಟ್ಟೆ ಬಿರಿಯೋ ಹಾಗೆ ತಿಂದೆ."

"ಏನು ಮಾಡಿದ್ದೆ?"

"ನೀನು ತಂದಿದ್ಯಲ್ಲ, ಅದೇ."

ನಾನು ಏನೂ ತಂದಿರಲಿಲ್ಲ. ಫೋನ್ ಇಟ್ಟು ಅಡುಗೆಮನೆಗೆ ಹೋದೆ. ಮೂಲೆಯಲ್ಲಿ ಒಂದು ಬೂದುಗುಂಬಳಕಾಯಿ ಕೂತಿತ್ತು. ಉದ್ದಕ್ಕೆ, ಬೂದಿ ಮೆತ್ತಿಕೊಂಡು, ಥೇಟ್ ರುಬ್ಬುಗುಂಡಿನ ತಮ್ಮನ ಹಾಗೆ. ತಪಾಸಣೆಗೆ ಬರುವವರು ಬೀದಿಯಲ್ಲಿ ನಿಂತೇ ಕಿಟಕಿಯಿಂದ ಇಣುಕಿ ನೋಡುತ್ತಿದ್ದರು. ಅಡುಗೆಮನೆಯಲ್ಲಿ ಬೆಳಕು ಕಡಿಮೆ. ನಾನು ಗುಂಡನ್ನು ಮಂಚದ ಕೆಳಕ್ಕೆ ಉರುಳಿಸಿದೆ, ಕುಂಬಳಕಾಯಿಯನ್ನು ಒರಳಿನಲ್ಲಿ ಕೂರಿಸಿದೆ. ಮನೆಗೆ ಮೋಸ ಮಾಡುವುದು ಸಾಧ್ಯವಿಲ್ಲ, ಅದಕ್ಕೆ ತಕ್ಷಣ ಗೊತ್ತಾಯಿತು. ಪೂರ್ವದ ಕಿಟಕಿ ತೆರೆದದ್ದೇ ತಡ, ಹೊರಟಿತು.

ನನ್ನ ಮನೆ ಅಂಗಳಕ್ಕೆ ಬರುತ್ತಿರುವುದನ್ನು ಕಂಡು ಭಾಗಿ ಕಿಟಕಿಯಿಂದ ಬಟ್ಟೆ ಒಣಗಿಸುವ ಬಿದಿರು ಕೋಲನ್ನು ಚಾಚಿದಳು. "ನೀನೂ ನಿನ್ನ ಕೋಲು ಚಾಚೇ. ತುದಿಗೆ ತುದಿ ಮುಟ್ಟಿದ ಕೂಡಲೇ ನಿಲ್ಲು. ಒಂದಿಂಚು ಮುಂದೆ ಬಂದರೆ ಬೀಳುತ್ತೆ ಏಟು." ಮೇಡಂ ಆಗಿದ್ದವಳಲ್ಲವೇ, ಅಳತೆಯ ವಿಷಯದಲ್ಲಿ ಮರೆವಿಲ್ಲ. ಎರಡು ಕೋಲಿನ ದೂರದಲ್ಲಿ ನಾನು ನನ್ನ ತಟ್ಟೆ ಇಟ್ಟುಕೊಂಡೆ, ಅವಳು ಅವಳದು. ಅವಳ ತಟ್ಟೆಗೆ ಹಾಕಿಕೊಳ್ಳಲು ಏನೂ ಇರಲಿಲ್ಲವಾದ್ದರಿಂದ ಡಬ್ಬಿಯನ್ನು ಚೀಲದಲ್ಲಿ ಹಾಕಿ ಕೋಲಿಗೆ ನೇತುಹಾಕಿ ಕಳಿಸಿದೆ. ಅವಳು ಉಂಡ ರೀತಿ ನೋಡಿ ನಾನು ಮುಖ ಆಚೆ ತಿರುಗಿಸಬೇಕಾಯಿತು.

ಕಳ್ಳಾಟ ನಮ್ಮ ಊರಿನಲ್ಲಿ ಬೇಗ ಹಬ್ಬುತ್ತದೆ. ಮೊದಲು ಹುಸೇನ್ ಸಾಬರು ಕಂಡುಹಿಡಿದರು. ಅವರು ಪ್ಯಾಂಟಿನ ಬಟ್ಟೆ, ಪರದೆ ಬಟ್ಟೆ, ಅಣ್ಣನ ಶಾಮಿಯಾನದ ಬಟ್ಟೆ ಎಲ್ಲ ಕತ್ತರಿಸಿ ಮಾಸ್ಕು ಹೊಲಿದು ಮನೆಮನೆಗೆ ಹಂಚಬೇಕೆಂದು ಚಡಪಡಿಸುತ್ತಿದ್ದರು. "ಚಂಪಕ್ಕಾ, ನನಗೂ ಒಂದು ಕುಂಬಳಕಾಯಿ ಹೇಳಿ. ಆದ್ರೆ ಕೋಲಿಲ್ಲದೆ ಬಂದೋರಿಗೆ ನಾನು ಮಾಸ್ಕೂ ಕೊಡಲ್ಲ, ಮಾತೂ ಆಡಲ್ಲ. ಒಬ್ಬ ಅಣ್ಣ ಹೋಗಿದ್ದು ಸಾಕು." ಆಮೇಲೆ ಕೋಲಿಲ್ಲದ ಮನೆ ಬೀದಿಯಲ್ಲಿ ಕಾಣಿಸಲೇ ಇಲ್ಲ. ಕೋಲಿನ ತುದಿಗೆ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿದ ಹೂವಿನ ಶಾಮಿಯಾನದ ಮಾಸ್ಕುಗಳು ಎದುರುಮನೆಗೆ ದಾಟುತ್ತಿದ್ದವು. ಬಾಣಂತಿ ಇದ್ದ ಮನೆಗೆ ಯಾರೋ ಅದೇ ದಾರಿಯಲ್ಲಿ ದಿನವೂ ಬಿಸಿನೀರಿನ ಫ್ಲಾಸ್ಕು ದಾಟಿಸುತ್ತಿದ್ದರು. ಯಾರೆಂದು ನನಗೆ ಗೊತ್ತು, ಅವರು ಹೇಳಬೇಡಿ ಎಂದಿದ್ದಾರೆ.

ಸಿದ್ದಮ್ಮನ ಬೂದುಗುಂಬಳಕಾಯಿ ರಾಶಿ ಕರಗತೊಡಗಿದ್ದು ಅಧಿಕಾರಿಗಳ ಕನ್ನಡಕಕ್ಕೆ ಬಿತ್ತು.

"ಈ ಊರಲ್ಲಿ ದಿನಾ ಇದನ್ನೇ ತಿಂತಾರೇನ್ರೀ?" ಎಂದು ಕೇಳಿದರಂತೆ.

"ತಂಪು ಸಾರ್," ಎಂದಳಂತೆ ಸಿದ್ದಮ್ಮ. "ನಿಮಗೂ ಒಂದು ಕೊಡ್ಲಾ? ಮೈಯೆಲ್ಲ ಬಿಸಿ ಆದಂಗೆ ಕಾಣ್ತೀರಿ."

ಅವರು ಕೊಂಡುಕೊಳ್ಳಲಿಲ್ಲ. ಆದರೆ ಮಧ್ಯಾಹ್ನ ಕೊಡೆ ಹಿಡಿದುಕೊಂಡು ನೇರವಾಗಿ ಭಾಗಿಯ ಅಂಗಳಕ್ಕೆ ಬಂದರು. ನಾವು ಊಟಕ್ಕೆ ಕೂತಿದ್ದೆವು. ನನ್ನ ಮನೆ ಇರಬಾರದ ಕೇರಿಯಲ್ಲಿತ್ತು. ನಾನು ತುತ್ತು ನುಂಗಿ, ವಯಸ್ಸಾದವರಿಗೆ ಒದಗಿಬರುವ ಮುಗ್ಧ ಮುಖ ಮಾಡಿಕೊಂಡು, "ನೋಡಿ ಸಾರ್, ಗುಂಡು ಒರಳಲ್ಲೇ ಇದೆ," ಎಂದೆ.

ಅವರು ಇಣುಕಿದರು. ಕನ್ನಡಕ ಒರೆಸಿಕೊಂಡು ಮತ್ತೆ ಇಣುಕಿದರು. "ಇದೆ. ಇದ್ದೂ ಮನೆ ಹೇಗೆ ಬಂತು?"

ಪಾಪ, ಭಾಗಿಗೆ ಸುಳ್ಳು ಬರುವುದಿಲ್ಲ. "ಅದು ಗುಂಡಲ್ಲಪ್ಪಾ, ಬೂದುಗುಂಬಳಕಾಯಿ. ಮಜ್ಜಿಗೆಹುಳಿಗೆ ಅರ್ಧ ಕೊಡೇ ಅಂದ್ರೆ ಇವಳು ಕೊಡ್ತಿಲ್ಲ. ಮೊದಲಿಂದ್ಲೂ ಜಿಪುಣಿ." ಆಮೇಲೆ ಅವರನ್ನೇ ದಿಟ್ಟಿಸಿ, "ನೀನು ಸೀತಾರಾಮನ ಮಗ ಅಲ್ವೇನೋ? ಆನೆ ಬಿಡಿಸು ಅಂದ್ರೆ ಹಂದಿ ಬಿಡಿಸೋನು! ಎಷ್ಟು ಸೊರಗಿದೀಯೋ. ಬಾ, ಊಟ ಮಾಡ್ಕೊಂಡು ಹೋಗು," ಎಂದಳು.

"ನಾನು ನಿಮ್ಮ ಶಿಷ್ಯ ಅಲ್ಲಮ್ಮ. ನನಗೆ ಊಟ ಬೇಡ," ಎಂದರು ಅವರು. ಆದರೆ ಅವರ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಸೊಂಟದ ಬೆಲ್ಟಿಗೆ ಮೊಳೆಯಲ್ಲಿ ಹೊಡೆದ ಹೊಸ ತೂತನ್ನೂ ನಾನು ನೋಡಿದೆ.

"ಸಾರ್," ಎಂದೆ, "ಇವಳು ಒಬ್ಬಳೇ ಇದ್ರೆ ಉಣ್ಣಲ್ಲ. ಎದುರಿಗೆ ಯಾರಾದ್ರೂ ಉಣ್ತಾ ಇರ್ಬೇಕು."

"ಸ್ವಯಂಸೇವಕರು ಊಟ ಬಾಗಿಲಿಗೆ ತಂದಿಡ್ತಾರೆ."

"ಬಾಗಿಲಲ್ಲಿಟ್ಟಿದ್ದು ಬಾಗಿಲಲ್ಲೇ ಇರುತ್ತೆ. ನಾವು ಕೋಲಿನ ದೂರ ಬಿಟ್ಟೇ ಕೂತಿದೀವಿ, ನೋಡಿ."

ಅವರು ಕೋಲುಗಳನ್ನು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಅಮ್ಮಾ, ಹಿಂದೆ ನಾನಿದ್ದ ಊರಲ್ಲೂ ಎಲ್ಲರಿಗೂ ಒಂದೊಂದು ಕಾರಣ ಇತ್ತು. ಎಲ್ಲಾ ಒಳ್ಳೇ ಕಾರಣಗಳೇ. ನಾನು ಒಬ್ಬೊಬ್ಬರಿಗೂ ಹೂಂ ಅಂದೆ. ಆಮೇಲೆ ಆಸ್ಪತ್ರೆ ಮುಂದೆ ಸಾಲು ನಿಂತಿದ್ದನ್ನ ನಾನು ನೋಡಿದೀನಿ, ನೀವು ನೋಡಿಲ್ಲ," ಎಂದರು. "ಸೋಮವಾರ ಸರಪಳಿ ಬರುತ್ತೆ. ಎಲ್ಲಾ ಮನೆಗಳನ್ನೂ ಕಟ್ಟಿಸ್ತೀನಿ."

ಕೊಡೆ ತಿರುಗಿಕೊಂಡು ಹೊರಟಿತು. ಭಾಗಿ ಹಿಂದಿನಿಂದ ಕೂಗಿದಳು. "ಬಿಸಿಲಲ್ಲಿ ಓಡಾಡ್ಬೇಡ್ವೋ! ನಾಳೆ ಮಜ್ಜಿಗೆಹುಳಿ ಮಾಡ್ತೀನಿ, ಬಾ!"

ಸೋಮವಾರ ಬೆಳಿಗ್ಗೆ ನಾನೊಂದು ಹುನ್ನಾರ ಮಾಡಿದೆ. ಕಟ್ಟುವುದೇ ಆದರೆ ಭಾಗಿಯ ಎದುರಿಗೇ ಕಟ್ಟಲಿ ಎಂದು ಅಕ್ಕಿ, ಬೇಳೆ, ಉಪ್ಪಿನಕಾಯಿ ಭರಣಿ, ಎರಡು ಕುಂಬಳಕಾಯಿ ಸಮೇತ ಮನೆಯನ್ನು ಅವಳ ಅಂಗಳಕ್ಕೆ ತಂದು, ಸರಿಯಾಗಿ ಕೋಲಿನ ದೂರದಲ್ಲಿ ನಿಲ್ಲಿಸಿದೆ. ಒಂದು ಕಾಯಿಯಲ್ಲಿ ಅರ್ಧ ಕೊಟ್ಟು ಜಿಪುಣಿ ಎನ್ನುವ ಹೆಸರನ್ನೂ ಕಳೆದುಕೊಂಡೆ. ಹುಸೇನ್ ಸಾಬರೂ ಅದೇ ಯೋಚನೆ ಮಾಡಿ ನಮ್ಮ ಬಲಕ್ಕೆ ಬಂದು ನಿಂತಿದ್ದರು. ಭಾಗಿಯ ಒಗ್ಗರಣೆ ವಾಸನೆ ಆ ಕೇರಿಗೆಲ್ಲ ಹರಡಿತ್ತು. ಮುನಿಸಿಪಾಲಿಟಿಯವರು ಲಾರಿಯಿಂದ ಸರಪಳಿ ಇಳಿಸಿದರು. ಆದರೆ ಕಟ್ಟಲು ಶುರುಮಾಡಲಿಲ್ಲ.

"ಸಾಹೇಬ್ರು ಬಂದು ತೋರಿಸ್ಬೇಕು," ಎಂದ ಮೇಸ್ತ್ರಿ. "ಫೋನ್ ಎತ್ತುತಿಲ್ಲ. ನಿನ್ನೇನೂ ಎತ್ತಲಿಲ್ಲ."

ಆಗ ಕೇರಿಯ ತಿರುವಿನಲ್ಲಿ ಏನೋ ಮುರಿದ ಸದ್ದಾಯಿತು. ನಾವೆಲ್ಲ ಅತ್ತ ನೋಡಿದೆವು. ಸರ್ಕಾರಿ ಕ್ವಾರ್ಟರ್ಸು ಬರುತ್ತಿತ್ತು.

ಆ ಹಳದಿ ಕಾಂಕ್ರೀಟು ಡಬ್ಬಿಗೆ ಜೀವವೇ ಇಲ್ಲ ಎಂದು ನಾವು ತಿಳಿದಿದ್ದೆವು. ಒಳಗೆ ಒರಳೂ ಇಲ್ಲ, ಗುಂಡೂ ಇಲ್ಲ, ಹಾಗಿದ್ದೂ ಎಂದೂ ಕದಲಿರಲಿಲ್ಲ. ಕದಲದಿದ್ದುದು ಏಕೆಂದು ಈಗ ತಿಳಿಯಿತು. ತ್ರಿಲೋಚನರು ಬರುವ ತನಕ ಅದಕ್ಕೆ ಬೀಗ ಬಿದ್ದಿತ್ತು, ಬಂದ ಮೇಲೆ ಜ್ವರದ ಭಯಕ್ಕೆ ಅವರು ಅದರ ಒಂದು ಕಿಟಕಿಯನ್ನೂ ತೆರೆದಿರಲಿಲ್ಲ. ಇವತ್ತು ಒಂದು ಕಿಟಕಿ ತೆರೆದಿತ್ತು, ಭಾಗಿಯ ಕೇರಿಯ ಕಡೆಯದು. ನಡೆದು ಅಭ್ಯಾಸವಿಲ್ಲದ ಮನೆ ಕಿತ್ತುಹೋದ ನಲ್ಲಿ ಪೈಪನ್ನು ಬಾಲದಂತೆ ಎಳೆದುಕೊಂಡು, ತಲೆಯ ಮೇಲಿನ ಸಿಂಟೆಕ್ಸು ತುಳುಕಿಸುತ್ತ, ಲೈಟುಕಂಬಕ್ಕೊಂದು ಗುದ್ದಿ ನೇರವಾಗಿ ಭಾಗಿಯ ಮನೆಯ ಮೇಲೆ ಬರುತ್ತಿತ್ತು.

"ಕಿಟಕಿ ಮುಚ್ಚಿ ಸಾರ್! ಕಿಟಕಿ!" ಎಂದು ಎಲ್ಲರೂ ಕೂಗಿದೆವು. ಯಾರೂ ಮುಚ್ಚಲಿಲ್ಲ. ಭಾಗಿ ಅಲ್ಲೇ ಕಿಟಕಿಯಲ್ಲಿ ಸೌಟು ಹಿಡಿದು ನಿಂತಿದ್ದಳು, ನೆಂಟರು ಬಂದರೆನ್ನುವ ಹಾಗೆ. ಇನ್ನೇನು ಗುದ್ದಬೇಕು, ಹುಸೇನ್ ಸಾಬರು ತಮ್ಮ ಕಿಟಕಿಯಿಂದ ಸೊಂಟದವರೆಗೆ ಹೊರಬಾಗಿ, ಕೋಲು ಚಾಚಿ, ಕ್ವಾರ್ಟರ್ಸಿನ ಕಿಟಕಿ ಬಾಗಿಲನ್ನು ಫಟ್ಟೆಂದು ಮುಚ್ಚಿದರು. ಮನೆ ನಿಂತಿತು. ಸಿಂಟೆಕ್ಸಿನ ನೀರು ಇನ್ನಷ್ಟು ಹೊತ್ತು ತುಳುಕುತ್ತಲೇ ಇತ್ತು.

ಗಾಜಿನೊಳಗಿಂದ ಕಾಣುತ್ತಿತ್ತು. ಅವರು ಕಿಟಕಿಯ ಕೆಳಗೆ ನೆಲದ ಮೇಲೆ ಬಿದ್ದಿದ್ದರು. ಮಾಸ್ಕು ಹಾಕಿಕೊಂಡೇ ಇದ್ದರು. ಕೊಡೆ ಪಕ್ಕದಲ್ಲಿತ್ತು. ಇಲ್ಲಿಂದ ಮುಂದೆ ಅವರನ್ನು ಅವನು ಎಂದೇ ಬರೆಯುತ್ತೇನೆ. ಹಾಗೆ ಬಿದ್ದಿರುವ ಹುಡುಗನನ್ನು ಬಹುವಚನದಲ್ಲಿ ಕರೆಯಲು ನನಗೆ ಆಗುತ್ತಿಲ್ಲ.

ಸರಪಳಿಯವನೊಬ್ಬ ಒಳಗೆ ನುಗ್ಗಲು ಹೋದ. "ನಿಲ್ಲಯ್ಯಾ!" ಎಂದು ಹುಸೇನ್ ಸಾಬರು ಗುಡುಗಿದರು. "ಅವರಿಗೆ ಜ್ವರ. ನೀನು ಒಳಗೆ ಹೋಗಿ ನಿನ್ನ ಹೆಂಡ್ತಿ ಮಕ್ಕಳಿಗೆ ಹಂಚ್ಬೇಡ. ಸಾಹೇಬ್ರಿಗೂ ಅದು ಬೇಕಾಗಿಲ್ಲ." ಆಂಬುಲೆನ್ಸಿಗೆ ಫೋನ್ ಮಾಡಿದರೆ ಬೇರೆ ಊರಿಗೆ ಹೋಗಿದೆ, ಸಂಜೆಯಾಗುತ್ತದೆ ಎಂದರು. ಅವನ ಎದೆ ಏರಿಳಿಯುತ್ತಿದ್ದ ರೀತಿ ಸಂಜೆಯವರೆಗೆ ಕಾಯುವ ಹಾಗಿರಲಿಲ್ಲ. ಕಿಟಕಿ ತೆರೆದು ನಡೆಸಿಕೊಂಡು ಹೋಗೋಣವೆಂದರೆ ಒಳಗೆ ದಾರಿ ತಿರುಗಿಸುವವರಿಲ್ಲ.

ನಾನು ನೆಲದ ಮೇಲಿನ ಸರಪಳಿ ನೋಡಿದೆ. "ಇದು ಎಷ್ಟು ಉದ್ದ ಇದೆಯಪ್ಪಾ?"

"ನಿಮ್ಮನ್ನ ಕಟ್ಟೋ ಅಷ್ಟು ಇದೆ ಕಣಮ್ಮ," ಎಂದ ಮೇಸ್ತ್ರಿ, ಮುಖ ತಗ್ಗಿಸಿ.

"ಹಾಗಾದ್ರೆ ಅವನನ್ನ ಎಳೆಯೋ ಅಷ್ಟೂ ಇರುತ್ತೆ. ಕಟ್ಟು."

ಕೈಗವಸು ತೊಟ್ಟು ಕ್ವಾರ್ಟರ್ಸಿನ ಜಗಲಿ ಕಂಬಕ್ಕೆ ಎರಡು ಸರಪಳಿ ಬಿಗಿದರು. ಒಂದು ನನ್ನ ಮನೆಗೆ, ಇನ್ನೊಂದು ಹುಸೇನ್ ಸಾಬರ ಮನೆಗೆ. ಕೋಲಿಗಿಂತ ಸರಪಳಿ ಉದ್ದವಾಗಿಯೇ ಇತ್ತು, ಭಾಗಿ ಅಳೆದು ನೋಡಿದ ಮೇಲೆಯೇ ಹೊರಡಲು ಬಿಟ್ಟಳು. ಇಬ್ಬರೂ ಆಸ್ಪತ್ರೆ ಕಡೆಯ ಕಿಟಕಿ ತೆರೆದೆವು. ನನ್ನ ಮನೆ ಒಮ್ಮೆ ನರಳಿ ಎಳೆಯಿತು. ಉಪ್ಪಿನಕಾಯಿ ಭರಣಿ ಉರುಳಿತು, ಒರಳಿನ ಕುಂಬಳಕಾಯಿ ಎಗರಿ ನೆಲಕ್ಕೆ ಬಿದ್ದು ಹೋಳಾಯಿತು. ದಾರಿಯುದ್ದಕ್ಕೂ ಮನೆಗಳು ಒರಳಿನಿಂದ ಗುಂಡು ಎತ್ತಿಟ್ಟು ಆಚೀಚೆ ಸರಿದು ದಾರಿ ಬಿಟ್ಟವು. ಸಿದ್ದಮ್ಮ ತನ್ನ ಅಂಗಡಿಯನ್ನೇ ಹಿಂದಕ್ಕೆ ನಡೆಸಿ, "ಹೋಗಿ ಹೋಗಿ, ಬಲಕ್ಕೆ ಗುಂಡಿ ಇದೆ, ನೋಡ್ಕೊಳ್ಳಿ!" ಎಂದು ಕೂಗಿದಳು.

ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ಡಾಕ್ಟರಮ್ಮ ಮೈತುಂಬ ಕವಚ ತೊಟ್ಟು ಹೊರಬಂದು, ಬಂದ ಮನೆಯನ್ನೊಮ್ಮೆ ನೋಡಿ, "ಹಾಸಿಗೆ ಅವರೇ ತಂದಿದಾರಲ್ಲ, ಬೇವಿನ ಮರದ ಕೆಳಗೆ ನಿಲ್ಲಿಸಿ," ಎಂದರು. ಕಿಟಕಿಯ ಮೂಲಕ ಆಮ್ಲಜನಕದ ನಳಿಗೆ ಹೋಯಿತು. ಆ ದಿನಗಳಲ್ಲಿ ಊರಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಸರಪಳಿ ಕಟ್ಟಿಸಲು ಬಂದವನಿಗಾಗಿ ಹುಸೇನ್ ಸಾಬರು ನಮಾಜು ಮುಗಿಸಿ ಇನ್ನೂ ಸ್ವಲ್ಪ ಹೊತ್ತು ಕೈಚಾಚಿಕೊಂಡೇ ಕೂತಿರುವುದನ್ನು ನಾನು ಕಿಟಕಿಯಿಂದ ಕಂಡೆ.

ಬದುಕಿದ. ಆದರೆ ಡಾಕ್ಟರಮ್ಮ ನನಗೆ ಫೋನ್ ಮಾಡಿದರು. "ಜ್ವರ ಇಳೀತು. ಅಂಟೋ ಭಯ ಇನ್ನೂ ಕೆಲವು ದಿನ ಇದೆ. ತೊಂದರೆ ಏನು ಅಂದ್ರೆ, ತಟ್ಟೆ ಮುಟ್ಟಲ್ಲ. ಒಬ್ಬರೇ ಇದ್ದು ಇದ್ದು ಉಣ್ಣೋದೇ ಬಿಟ್ಟಂಗಿದೆ. ಹೀಗಾದ್ರೆ ಮತ್ತೆ ಮಲಗ್ತಾರೆ."

"ಅದಕ್ಕೆ ನಮ್ಮ ಕೇರಿಯಲ್ಲಿ ಬೇರೆ ಡಾಕ್ಟರ್ ಇದಾಳೆ," ಎಂದೆ.

ಅದೇ ಸರಪಳಿಯಲ್ಲಿ ಎಳೆದು ತಂದು ಭಾಗಿಯ ಎದುರಿಗೆ ಕೋಲಿನ ದೂರದಲ್ಲಿ ನಿಲ್ಲಿಸಿದೆವು. ಅವನು ಕಂಬಳಿ ಹೊದ್ದು ಕಿಟಕಿಯಲ್ಲಿ ಕೂತ. ಮುಖದಲ್ಲಿ ಕನ್ನಡಕವೇ ಹೆಚ್ಚಾಗಿತ್ತು. ಭಾಗಿ ಬಹಳ ಹೊತ್ತು ನೋಡಿ, "ಸೀತಾರಾಮನ ಮಗ ಅಲ್ವೇನೋ ನೀನು? ಆನೆ ಬಿಡಿಸು ಅಂದ್ರೆ ಹಂದಿ ಬಿಡಿಸೋನು?" ಎಂದಳು.

ಅವನು ನನ್ನ ಕಡೆ ನೋಡಿದ, ಅವಳ ಕಡೆ ನೋಡಿದ.

"ಹೌದು ಮೇಡಂ," ಎಂದ. "ಆನೆ ಸೊಂಡಿಲು ನನಗೆ ಬರ್ತಾನೇ ಇರಲಿಲ್ಲ."

"ಊಟ ಮಾಡು. ಆಮೇಲೆ ಹೇಳಿಕೊಡ್ತೀನಿ."

ಅವಳು ಉಂಡಳು, ಅವನೂ ಉಂಡ. ಮಾರನೆಯ ಬೆಳಿಗ್ಗೆ ನಾನು ಡಬ್ಬಿ ಹಿಡಿದು ಕಿಟಕಿಗೆ ಬರುವ ಹೊತ್ತಿಗೆ ಭಾಗಿಯ ಅಡುಗೆಮನೆಯಿಂದ ಹೊಗೆ ಏಳುತ್ತಿತ್ತು. "ನಿನ್ನ ಡಬ್ಬಿ ನೀನೇ ತಿನ್ನೇ," ಎಂದಳು ಗಡಿಬಿಡಿಯಲ್ಲಿ. "ಹುಡುಗ ಹಸ್ಕೊಂಡಿರುತ್ತೆ. ಒಲೆ ಹಚ್ಚದೆ ಆಗುತ್ತಾ?"

ಒಂದು ದಿನ ನಾನು ಅವನನ್ನು ಕೇಳಿದೆ, "ಆವತ್ತು ಇಷ್ಟು ಕಿಟಕಿ ಇರುವಾಗ ಈ ಕೇರಿ ಕಡೇದನ್ನೇ ಯಾಕಪ್ಪಾ ತೆಗೆದೆ?"

"ಗಾಳಿಗೆ," ಎಂದ.

"ಗಾಳಿ ಪಶ್ಚಿಮದಿಂದ ಬೀಸುತ್ತೆ."

ಅವನು ಕನ್ನಡಕ ಒರೆಸಿಕೊಳ್ಳತೊಡಗಿದ.

ಮೈಕಿನ ಆಟೋ ಮತ್ತೆ ಬಂತು. ಮನೆಗಳು ನಡೆಯಬಹುದು. ಕೋಲು ಕಡ್ಡಾಯ, ಮಾಸ್ಕು ಕಡ್ಡಾಯ. ಮಾರುಕಟ್ಟೆಗೆ ಸರದಿಯ ಪ್ರಕಾರ ಕೇರಿಗೊಂದು ಹೊತ್ತು. ಜ್ವರ ಬಂದ ಮನೆಯಲ್ಲಿ ಮಾತ್ರ, ವಾಸಿಯಾಗುವ ತನಕ, ಒರಳಿನಲ್ಲಿ ಗುಂಡು ಇರತಕ್ಕದ್ದು. ಕೊನೆಗೆ ಗಂಟಲು ಸರಿಮಾಡಿಕೊಂಡು, "ತರಕಾರಿಗಳನ್ನು ಗುಂಡು ಎಂದು ಪರಿಗಣಿಸಲಾಗುವುದಿಲ್ಲ," ಎಂದೂ ಕೂಗಿತು. ಈ ಸಲ ನಾವು ಆಜ್ಞೆಯನ್ನು ಮನಸ್ಸಿಟ್ಟು ಪಾಲಿಸಿದೆವು. ಜ್ವರ ಬಂದವರು ತಾವಾಗಿಯೇ ಗುಂಡು ಹಾಕಿಕೊಂಡು ಕೂತರು, ಉಳಿದವರು ಸರದಿಯ ಮೇಲೆ ಅವರೆದುರು ಹೋಗಿ ಉಂಡೆವು.

ತನ್ನ ಮನೆಯೂ ಆ ಲೆಕ್ಕದಲ್ಲೇ ಬರುತ್ತದೆ, ಆದರೆ ಅಲ್ಲಿ ಒರಳೇ ಇಲ್ಲ ಎನ್ನುವುದು ಅವನಿಗೆ ಆಮೇಲೆ ಹೊಳೆಯಿತು. ಮರುದಿನ ನೋಡಿದರೆ ಅವನ ಅಡುಗೆಮನೆಯ ನಡುವೆ ಒಂದು ಬಕೆಟ್ಟು, ಬಕೆಟ್ಟಿನಲ್ಲಿ ಬೂದುಗುಂಬಳಕಾಯಿ. ಸಿದ್ದಮ್ಮ ಕೊನೆಗೂ ಅವನಿಗೂ ಒಂದು ಮಾರಿದ್ದಳು.

"ಇದೇನು ಸಾರ್?" ಎಂದೆ, ಮುಗ್ಧ ಮುಖ ಮಾಡಿಕೊಂಡು.

"ತಾತ್ಕಾಲಿಕ ವ್ಯವಸ್ಥೆ," ಎಂದ ಗಂಭೀರವಾಗಿ. ಕಿವಿ ಮಾತ್ರ ಕೆಂಪಾಗಿತ್ತು.

ಆಗ ಭಾಗಿ ಕೋಲಿನ ತುದಿಗೆ ಖಾಲಿ ಚೀಲ ಸಿಕ್ಕಿಸಿ ಚಾಚಿದಳು. "ಇವಳ ಹಾಗೆ ನೀನೂ ಜಿಪುಣನೇನೋ? ಅರ್ಧ ಕೊಡು. ಮಜ್ಜಿಗೆಹುಳಿ ಮಾಡ್ತೀನಿ."

ಅವನು ಬಕೆಟ್ಟಿನ ಕಡೆ ನೋಡಿದ. ಆಜ್ಞೆ ಬರೆದವನು ಅವನೇ. ಆಮೇಲೆ ಚಾಕು ತಂದು ಕಾಯಿಯನ್ನು ಎರಡು ಹೋಳು ಮಾಡಿದ. ಒಂದು ಹೋಳು ಅವಳ ಚೀಲಕ್ಕೆ. ಸ್ವಲ್ಪ ಯೋಚಿಸಿ ಇನ್ನೊಂದನ್ನೂ ಹಾಕಿದ, "ಚಂಪಕ್ಕನಿಗೆ," ಎಂದು. ಬಕೆಟ್ಟು ಖಾಲಿಯಾಯಿತು. ಸೆಕೆಯ ದಿನ, ಕ್ವಾರ್ಟರ್ಸಿನ ನಾಲ್ಕೂ ಕಡೆಯ ಕಿಟಕಿಗಳು ಪೂರ್ತಿ ತೆರೆದಿದ್ದವು, ಅದು ಎತ್ತ ಬೇಕಾದರೂ ಹೊರಡಬಹುದಿತ್ತು. ನಾನು ಉಸಿರು ಬಿಗಿಹಿಡಿದು ಕಾದೆ.

ಮನೆ ಎಲ್ಲಿಗೂ ಹೊರಡಲಿಲ್ಲ.